ಎಲ್ಲ ಸಾಧನಗಳಿಗೂ ಒಂದೇ ಕ್ಯಾಲೆಂಡರ್

ಮೊಬೈಲಿನಲ್ಲಿ ಬರೆದಿಟ್ಟ ಕಾರ್ಯಕ್ರಮ ಕಂಪ್ಯೂಟರಿನಲ್ಲೂ ಕಾಣಬೇಕಾದರೆ ಎರಡೂ ಕಡೆ ಒಂದೇ ಆ್ಯಪ್ ಇರಬೇಕೆಂದೇನೂ ಇಲ್ಲ. ಎರಡಕ್ಕೂ ಕ್ಯಾಲ್‌ಡ್ಯಾವ್ ಗೊತ್ತಿದ್ದರೆ ಸಾಕು. 2007ರಲ್ಲಿ ಪ್ರಕಟವಾದ ಈ ಮುಕ್ತ ನಿಯಮಾವಳಿಯ ಪ್ರಕಾರ ಕ್ಯಾಲೆಂಡರ್ ಸರ್ವರ್‌ನಲ್ಲಿರುತ್ತದೆ, ಸಾಧನಗಳು ಅದರೊಂದಿಗೆ ತಾಳೆ ನೋಡಿಕೊಳ್ಳುತ್ತವೆ. ಹಾಗಾಗಿ ಮೊದಲು ಆರಿಸಬೇಕಾದ್ದು ಸರ್ವರ್, ಆ್ಯಪ್ ಆಮೇಲೆ. ನೆಕ್ಸ್ಟ್‌ಕ್ಲೌಡ್ ಎಂಬ ಸರ್ವರ್ ತಂತ್ರಾಂಶದಲ್ಲಿ ಕಡತ, ಸಂಪರ್ಕಗಳೂ ಸೇರಿ ಬರುತ್ತವೆ. ಬರೀ ಕ್ಯಾಲೆಂಡರ್ ಸಾಕೆನ್ನುವವರಿಗೆ ಅದು ಭಾರವೇ. ಪೈಥಾನ್‌ನಲ್ಲಿ ಬರೆದ ಪುಟ್ಟ ಸರ್ವರ್ ರಾಡಿಕಾಲ್ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಇನ್ನು ಆ್ಯಪ್ ವಿಷಯ. ಕಂಪ್ಯೂಟರಿಗೆ ಥಂಡರ್‌ಬರ್ಡ್ ಸಾಕು. ಐಫೋನ್‌ನಲ್ಲಿ ಕ್ಯಾಲ್‌ಡ್ಯಾವ್ ಸೌಲಭ್ಯ ಮೊದಲೇ ಇರುತ್ತದೆ. ತೊಡಕಿರುವುದು ಆಂಡ್ರಾಯ್ಡ್‌ನಲ್ಲಿ. ಅಲ್ಲಿ ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಹಾಕಿಕೊಂಡು, ಸರ್ವರ್ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು, ಬೇಕಾದ ಕ್ಯಾಲೆಂಡರ್‌ ಆರಿಸಿಕೊಳ್ಳಬೇಕು. ಅದು ಮಾಹಿತಿಯನ್ನು ಫೋನಿಗೆ ತಂದು ಹಾಕುತ್ತದೆ ಅಷ್ಟೇ. ತೋರಿಸುವ ಕೆಲಸ ಎಟಾರ್ ಅಥವಾ ಫಾಸಿಫೈ ಕ್ಯಾಲೆಂಡರ್‌ನಂಥ ಆ್ಯಪ್‌ನದು. ಡ್ಯಾವ್‌ಎಕ್ಸ್5 ಪ್ಲೇ ಸ್ಟೋರ್‌ನಲ್ಲಿ ದುಡ್ಡಿಗೆ, ಎಫ್-ಡ್ರಾಯ್ಡ್ ಎಂಬ ಆ್ಯಪ್ ಮಳಿಗೆಯಲ್ಲಿ ಪುಕ್ಕಟೆ.

ಸರ್ವರ್ ಆರಿಸುವಾಗ, ಕ್ಯಾಲೆಂಡರಿನಲ್ಲಿರುವ ಎಲ್ಲವನ್ನೂ ಐಸಿಎಸ್ ಎಂಬ ಮಾದರಿಯ ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂದೂ ನೋಡಿಕೊಳ್ಳಬೇಕು. ನಾಳೆ ಸರ್ವರ್ ಬದಲಿಸಿದರೆ ಹುಟ್ಟುಹಬ್ಬ, ವಿಮೆ ಕಂತು ಎಲ್ಲವೂ ಆ ಕಡತದಲ್ಲೇ ಹೊಸ ಕಡೆಗೆ ಹೋಗುತ್ತವೆ. ಪಂಚಾಂಗದ ತಿಥಿ ಮಾತ್ರ ಈ ಕ್ಯಾಲೆಂಡರ್‌ಗಳಿಗೆ ತಿಳಿಯದು. ಪ್ರತಿ ವರ್ಷ ಮರುಕಳಿಸು ಎಂದರೆ ಅದೇ ತಾರೀಖಿಗೆ ಬರುತ್ತದೆ. ಹಾಗಾಗಿ ಯುಗಾದಿಯನ್ನು ವರ್ಷವರ್ಷವೂ ಕೈಯಾರೆ ಸೇರಿಸಬೇಕು.