ಕೋಬೆಯ ಗಂಟೆಗೆ ಟೊರಾಂಟೊದ ನಂಟು

ಟೊರಾಂಟೊ ಪಕ್ಕದ ಯೂನಿಯನ್‌ವಿಲ್‌ನಲ್ಲಿ ಬೇಸಿಗೆಯ ಶನಿವಾರ ರಾತ್ರಿ ಎಂಟು ಗಂಟೆ. ಆಗ ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಐದೂವರೆ, ಜಪಾನಿನ ಬಂದರು ನಗರ ಕೋಬೆಯಲ್ಲಿ ಒಂಬತ್ತು. ಊರಿಗೆ ಫೋನ್ ಮಾಡುವ ಮೊದಲು ಒಂಬತ್ತೂವರೆ ಗಂಟೆ ಕೂಡಿಸುವುದು ಇಲ್ಲಿನ ಕನ್ನಡದ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಜಪಾನ್ ಪ್ರವಾಸ ಹೊರಟರೆ ಆ ಲೆಕ್ಕ ಹದಿಮೂರಕ್ಕೆ ಏರುತ್ತದೆ. ಈ ಅಂಕಿಗಳು ಹುಟ್ಟಿದ ಕಥೆಯಲ್ಲಿ ಟೊರಾಂಟೊಗೆ ದೊಡ್ಡ ಪಾಲಿದೆ.

ಯೂನಿಯನ್‌ವಿಲ್‌ಗೆ ರೈಲು ಬಂದದ್ದು 1871ರಲ್ಲಿ. ಟೊರಾಂಟೊ ಅಂಡ್ ನಿಪಿಸಿಂಗ್ ಕಂಪನಿ ಹಾಕಿದ ಹಳಿಗಳ ಅಗಲ ಮೂರು ಅಡಿ ಆರು ಅಂಗುಲ. ಮರುವರ್ಷ ಜಪಾನಿನ ಮೊದಲ ರೈಲು ಓಡಿದ್ದು ಇದೇ ಅಳತೆಯ ಹಳಿಯ ಮೇಲೆ. 1874ರಲ್ಲಿ ಒಸಾಕಾದಿಂದ ಕೋಬೆಗೆ ಹಾಕಿದ್ದೂ ಇದನ್ನೇ. ಇಲ್ಲಿ 1880ರ ದಶಕದ ಆರಂಭದಲ್ಲೇ ಹಳಿ ಅಗಲವಾಯಿತು. ಅಲ್ಲಿ ಬುಲೆಟ್ ರೈಲು ಬಿಟ್ಟರೆ ಹೆಚ್ಚಿನ ಹಳೆಯ ಮಾರ್ಗಗಳು ಇಂದಿಗೂ ಅದೇ ಅಳತೆಯವು. ಸ್ಟೇಷನ್ ಲೇನ್‌ನಲ್ಲಿ ನಮ್ಮ ಹಳೆಯ ನಿಲ್ದಾಣದ ಮರದ ಕಟ್ಟಡ ಈಗಲೂ ಗಟ್ಟಿಯಾಗಿ ನಿಂತಿದೆ.

ಆ ಮೊದಲ ರೈಲುಗಳ ಕಾಲದಲ್ಲಿ ಪ್ರತಿ ಊರಿಗೂ ಅದರದೇ ಮಧ್ಯಾಹ್ನ. ನೆತ್ತಿಗೆ ಸೂರ್ಯ ಬಂದರೆ ಹನ್ನೆರಡು. ಮಾಂಟ್ರಿಯಲ್ ಟೊರಾಂಟೊಗಿಂತ ಸುಮಾರು 23 ನಿಮಿಷ ಮುಂದೆ, ಹ್ಯಾಲಿಫ್ಯಾಕ್ಸ್ ಗಂಟೆಗೂ ಹೆಚ್ಚು ಮುಂದೆ. ಎತ್ತಿನ ಗಾಡಿಯ ಕಾಲಕ್ಕೆ ಇದು ತೊಡಕಾಗಿರಲಿಲ್ಲ. ಒಂದೇ ದಿನದಲ್ಲಿ ಹತ್ತಾರು ಊರು ದಾಟುವ ರೈಲಿಗೆ ವೇಳಾಪಟ್ಟಿ ಬರೆಯುವವರಿಗೆ ಮಾತ್ರ ತಲೆ ಕೆಡುತ್ತಿತ್ತು.

ತಲೆ ಕೆಡಿಸಿಕೊಂಡವರಲ್ಲಿ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಒಬ್ಬರು. ಕೆನಡಾದ ರೈಲು ಎಂಜಿನಿಯರ್, ಈ ನಾಡಿನ ಮೊದಲ ಅಂಚೆಚೀಟಿಯ ವಿನ್ಯಾಸಕಾರ. 1876ರಲ್ಲಿ ಐರ್ಲೆಂಡಿನ ಬಂಡೋರನ್ ನಿಲ್ದಾಣದಲ್ಲಿ ಅವರಿಗೆ ರೈಲು ತಪ್ಪಿತು. ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಎನ್ನುವ ಕಡೆ ಸಂಜೆ ಎಂದು ಅಚ್ಚಾಗಿತ್ತಂತೆ. 1879ರ ಫೆಬ್ರುವರಿಯಲ್ಲಿ ಟೊರಾಂಟೊದ ಕೆನೇಡಿಯನ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರು ಭೂಮಿಯನ್ನು 24 ಕಾಲವಲಯಗಳಾಗಿ ಹಂಚುವ ಯೋಜನೆ ಮಂಡಿಸಿದರು. 1883ರ ನವೆಂಬರ್ 18ರಂದು ಉತ್ತರ ಅಮೆರಿಕದ ರೈಲು ಕಂಪನಿಗಳು ವಲಯ ಸಮಯಕ್ಕೆ ಬದಲಾದವು. ಮುಂದಿನ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳು ಸೇರಿ ಗ್ರೀನಿಚ್ ರೇಖೆಯನ್ನು ಶೂನ್ಯ ರೇಖಾಂಶವಾಗಿ ಆರಿಸಿದಾಗ ಫ್ಲೆಮಿಂಗ್ ಅಲ್ಲಿದ್ದರು. ಜಪಾನಿನ ಪ್ರತಿನಿಧಿಯಾಗಿ ಗಣಿತಜ್ಞ ಕಿಕುಚಿ ಡೈರೊಕು ಕೂಡ ಇದ್ದರು.

1886ರಲ್ಲಿ ಜಪಾನ್ ಆಜ್ಞೆ ಹೊರಡಿಸಿತು: 1888ರ ಜನವರಿ 1ರಿಂದ 135 ಡಿಗ್ರಿ ಪೂರ್ವ ರೇಖಾಂಶದ ಸಮಯವೇ ಇಡೀ ದೇಶದ ಸಮಯ. ಆ ರೇಖೆ ಕೋಬೆಯ ಪಕ್ಕದ ಅಕಾಶಿಯ ಮೇಲೆ ಹಾಯುತ್ತದೆ. 1910ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಹಣ ಹಾಕಿ ರೇಖೆಯ ಗುರುತಿಗೆ ಒಂದು ಕಲ್ಲು ನೆಡಿಸಿದರು. ಮಕ್ಕಳು ಪುಸ್ತಕದಲ್ಲಿ ಓದಿದ ಗೆರೆಯನ್ನು ಕಣ್ಣಾರೆ ನೋಡಲಿ ಎನ್ನುವ ಈ ಬಗೆಯ ಕೆಲಸ ನನಗೆ ಬಹಳ ದೊಡ್ಡದು. 1960ರಲ್ಲಿ ತೆರೆದ ತಾರಾಲಯದ ಗಡಿಯಾರ ಗೋಪುರವೂ ಈ ರೇಖೆಯ ಮೇಲೆಯೇ ಇದೆ. ಭಾರತದ ಈಗಿನ ಸಮಯ ಬಂದದ್ದು ಜಪಾನಿನದಕ್ಕಿಂತ ತಡವಾಗಿ, 1906ರ ಜನವರಿ 1ರಂದು. ಅದಕ್ಕೂ ಮುಂಚೆ ನಮ್ಮ ರೈಲುಗಳು ಮದ್ರಾಸ್ ಸಮಯ ನೋಡಿ ಓಡುತ್ತಿದ್ದವು.

ಜಪಾನಿನ ಹಳೆಯ ಪದ್ಧತಿ ಕನ್ನಡಿಗರಿಗೆ ತೀರಾ ಅಪರಿಚಿತವಲ್ಲ. 1873ಕ್ಕೆ ಮೊದಲು ಅವರು ಹಗಲನ್ನು ಆರು ಪಾಲು, ರಾತ್ರಿಯನ್ನು ಆರು ಪಾಲು ಮಾಡುತ್ತಿದ್ದರು. ಋತುವಿಗೆ ತಕ್ಕಂತೆ ಪಾಲು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ನಮ್ಮ ರಾಹುಕಾಲವೂ ಹಾಗೆಯೇ, ಹಗಲಿನ ಎಂಟನೇ ಒಂದು ಪಾಲು. ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ಊರಿನಲ್ಲಿ ಕಲಿತದ್ದನ್ನು ಡಿಸೆಂಬರಿನ ಯೂನಿಯನ್‌ವಿಲ್‌ನಲ್ಲಿ ಪಾಲಿಸಲು ಹೋದರೆ, ಏಳೂವರೆಗೆ ಸೂರ್ಯನೇ ಹುಟ್ಟಿರುವುದಿಲ್ಲ. ಇಲ್ಲಿ ಅದು ಸುಮಾರು ಒಂಬತ್ತಕ್ಕೆ ಶುರುವಾಗಿ ಒಂದು ಗಂಟೆ ಏಳು ನಿಮಿಷ ಇರುತ್ತದೆ. ಜೂನ್‌ನಲ್ಲಾದರೆ ಎರಡು ಗಂಟೆಗೆ ನಾಲ್ಕೇ ನಿಮಿಷ ಕಡಿಮೆ. ಬೆಂಗಳೂರಿನ ಪಂಚಾಂಗವನ್ನು ಇಲ್ಲಿ ಗೋಡೆಗೆ ತೂಗುಹಾಕುವವರು ಇದನ್ನು ಗಮನಿಸಬೇಕು.

ಸೂರ್ಯನಿಗೂ ಗಡಿಯಾರಕ್ಕೂ ಇರುವ ಅಂತರ ಬೆಂಗಳೂರಿನಲ್ಲಿ ಸರಾಸರಿ 20 ನಿಮಿಷ, ಯೂನಿಯನ್‌ವಿಲ್‌ನಲ್ಲಿ ಚಳಿಗಾಲದ ಸಮಯಕ್ಕೆ 17. ಕೋಬೆಯಲ್ಲಿ ಒಂದು ನಿಮಿಷವೂ ಇಲ್ಲ.

ಅಲ್ಲಿಗೆ ಹೋಗುವವರು ಏಪ್ರಿಲ್ ಅಥವಾ ನವೆಂಬರ್ ಆರಿಸಿಕೊಳ್ಳಿ. ಜೂನ್‌ನಿಂದ ಜುಲೈ ಮಧ್ಯದವರೆಗೆ ಜಿಟಿಜಿಟಿ ಮಳೆ, ಆಗಸ್ಟ್‌ನಲ್ಲಿ ಮಂಗಳೂರಿನ ಸೆಕೆ, ಆಮೇಲೆ ಚಂಡಮಾರುತದ ಕಾಲ. ಚಳಿ ನಮ್ಮ ಒಂಟಾರಿಯೊದವರಿಗೆ ಲೆಕ್ಕಕ್ಕಿಲ್ಲ. ಬೆನ್ನಿಗೆ 931 ಮೀಟರ್ ಎತ್ತರದ ರೊಕ್ಕೊ ಬೆಟ್ಟ, ಎದುರಿಗೆ 1868ರಲ್ಲಿ ವಿದೇಶಿಯರಿಗೆ ತೆರೆದ ಬಂದರು. ಭಾರತೀಯ ವ್ಯಾಪಾರಿಗಳು ನೆಲೆಸಿದ ಹಳೆಯ ಊರಿದು; ಇಲ್ಲಿನ ಕಿತಾನೊ ಬಡಾವಣೆಯಲ್ಲಿ ಜೈನ ಬಸದಿಯೂ ಇದೆ. 1995ರ ಜನವರಿ 17ರ ಬೆಳಗಿನ 5.46ಕ್ಕೆ ನಡೆದ ಭೂಕಂಪ ಈ ಪ್ರದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬಂದರಿನ ಮೆರಿಕೆನ್ ಪಾರ್ಕ್‌ನಲ್ಲಿ ಕುಸಿದ ದಂಡೆಯ ಒಂದು ತುಂಡನ್ನು, ವಾಲಿದ ದೀಪದ ಕಂಬಗಳ ಸಮೇತ, ಹಾಗೆಯೇ ಉಳಿಸಿದ್ದಾರೆ. ತಪ್ಪದೆ ನೋಡಿ.

ಜಪಾನಿನಲ್ಲಿ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸುವ ಗೋಜಿಲ್ಲ. ಯುದ್ಧಾನಂತರ 1948ರಿಂದ 1951ರವರೆಗೆ ಮಾಡಿ ಕೈಬಿಟ್ಟರು. ಈ ಪದ್ಧತಿ ಮೊದಲು ಜಾರಿಯಾದದ್ದೇ ನಮ್ಮ ಒಂಟಾರಿಯೊದ ಪೋರ್ಟ್ ಆರ್ಥರ್‌ನಲ್ಲಿ, 1908ರಲ್ಲಿ. ಬೇಸಿಗೆಯ ಸಮಯವನ್ನೇ ಕಾಯಂ ಮಾಡುವ ಕಾನೂನನ್ನು ಪ್ರಾಂತ್ಯ 2020ರಲ್ಲಿ ಅಂಗೀಕರಿಸಿತು. ಕ್ವಿಬೆಕ್ ಮತ್ತು ನ್ಯೂಯಾರ್ಕ್ ಜೊತೆಗೂಡಬೇಕು ಎನ್ನುವುದು ಉದ್ದೇಶ. ಗಡಿಯಾರ ತಿರುಗಿಸುವುದು ನಿಲ್ಲಲಿ, ಆದರೆ ಹೀಗಲ್ಲ. ಬೇಸಿಗೆ ಸಮಯ ಕಾಯಂ ಆದರೆ ಡಿಸೆಂಬರಿನಲ್ಲಿ ಇಲ್ಲಿ ಸೂರ್ಯೋದಯ ಎಂಟು ಮುಕ್ಕಾಲಿಗೆ. ಮಕ್ಕಳು ಕತ್ತಲಲ್ಲೇ ಶಾಲೆಯ ಬಸ್ಸು ಕಾಯಬೇಕಾಗುತ್ತದೆ. ಉಳಿಯಬೇಕಾದದ್ದು ಚಳಿಗಾಲದ ಸಮಯ. ಇಲ್ಲಿನ ಕನ್ನಡಿಗರು ತಮ್ಮ ಕ್ಷೇತ್ರದ ಶಾಸಕರಿಗೆ ಈ ಮಾತನ್ನು ಬರೆದು ತಿಳಿಸಬೇಕು.