ಮಹಾಮಾರಿಯ ಕಾಲದ ವೈದ್ಯ ವಿದ್ಯಾರ್ಥಿಗಳು: ತಡವಾದುದೇನು, ಉಳಿದುದೇನು?

‘ಕೊರೊನಾ ಕಾಲದಲ್ಲಿ ಓದಿದ ವೈದ್ಯರ ಕಲಿಕೆಯಲ್ಲಿ ಕೊರತೆ ಉಳಿದಿದೆಯಂತೆ, ನಿಜವೇ?’ ಎಂದು ಭಕ್ತಬಾಂಧವರು ನಮ್ಮನ್ನು ಕೇಳುವುದುಂಟು. ಕೇಳುವವರಲ್ಲಿ ಆ ವಿದ್ಯಾರ್ಥಿಗಳ ತಂದೆತಾಯಿಗಳೂ ಇದ್ದಾರೆ. ಆದ್ದರಿಂದ ಆಗ ನಡೆದುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷಗಳ ಅಧ್ಯಯನ, ಬಳಿಕ ಒಂದು ವರ್ಷದ ಇಂಟರ್ನ್‌ಶಿಪ್. 2020ರ ಮಾರ್ಚ್ ತಿಂಗಳಲ್ಲಿ ಕಾಲೇಜುಗಳು ಮುಚ್ಚಿದಾಗ ಪಾಠಗಳು ಮೊಬೈಲ್ ಪರದೆಗೆ ಬಂದವು. ಉಪನ್ಯಾಸವನ್ನು ಪರದೆಯಲ್ಲಿ ಕೇಳಬಹುದು. ಆದರೆ ಶವಚ್ಛೇದನವನ್ನು ಕೈಯಿಂದಲೇ ಕಲಿಯಬೇಕು, ರೋಗಿಯ ಎದೆಬಡಿತವನ್ನು ಬಳಿಯಲ್ಲಿ ನಿಂತೇ ಆಲಿಸಬೇಕು. ಅನೇಕ ವಾರ್ಡುಗಳು ಕೋವಿಡ್ ವಾರ್ಡುಗಳಾದವು, ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಇದರಿಂದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ತಮ್ಮ ವಿಷಯದ ಅಭ್ಯಾಸ ಕಡಿಮೆಯಾಯಿತು.

ಪರೀಕ್ಷೆಗಳ ಕಥೆಯೂ ಇದೇ. 2020ರ ಮೇ 3ರಂದು ನಡೆಯಬೇಕಿದ್ದ ನೀಟ್ ಪ್ರವೇಶ ಪರೀಕ್ಷೆ ಸೆಪ್ಟೆಂಬರ್ 13ಕ್ಕೆ ನಡೆಯಿತು. 2021ರ ಏಪ್ರಿಲ್ 18ಕ್ಕೆ ಗೊತ್ತಾಗಿದ್ದ ಸ್ನಾತಕೋತ್ತರ ನೀಟ್ ಸೆಪ್ಟೆಂಬರ್ 11ಕ್ಕೆ ಹೋಯಿತು. ಮೀಸಲಾತಿಗೆ ಸಂಬಂಧಿಸಿದ ವ್ಯಾಜ್ಯವೂ ಸೇರಿಕೊಂಡು, ಸೀಟು ಹಂಚಿಕೆ ಆರಂಭವಾದುದು 2022ರ ಜನವರಿಯಲ್ಲಿ. ಹೊಸ ತಂಡ ಬಾರದೆ, ಇದ್ದ ಕಿರಿಯ ವೈದ್ಯರ ಮೇಲೆಯೇ ಹೊರೆ ಬಿದ್ದಿತು. ಚೀನಾದಲ್ಲಿ ಓದುತ್ತಿದ್ದ ನಮ್ಮ ದೇಶದ ಸಾವಿರಾರು ವಿದ್ಯಾರ್ಥಿಗಳು ವೀಸಾ ದೊರೆಯದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿಯೇ ಉಳಿದರು.

ಇದೇ ಕಾಲ ಅವರಿಗೆ ಬೇರೊಂದು ಪಾಠವನ್ನೂ ಕಲಿಸಿತು. 2021ರ ಮೇ 3ರಂದು ಕೇಂದ್ರ ಸರ್ಕಾರವು, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇಂಟರ್ನ್‌ಗಳನ್ನು ಕೋವಿಡ್ ಕರ್ತವ್ಯಕ್ಕೂ, ಅಂತಿಮ ವರ್ಷದವರನ್ನು ದೂರವಾಣಿ ಸಲಹೆ ಹಾಗೂ ಸೌಮ್ಯ ಲಕ್ಷಣಗಳ ರೋಗಿಗಳ ನಿಗಾಕ್ಕೂ ಬಳಸಲು ಅವಕಾಶ ನೀಡಿತು. ನೂರು ದಿನ ಕರ್ತವ್ಯ ಪೂರೈಸಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆಯನ್ನೂ ಘೋಷಿಸಿತು. ಸಾಂಕ್ರಾಮಿಕ ನಿರ್ವಹಣೆಯು ಪಠ್ಯಕ್ರಮದ ಭಾಗವಾಯಿತು. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ ಮಕ್ಕಳು ಪಿಪಿಇ ಉಡುಪಿನೊಳಗೆ ಬೆವರುತ್ತಾ ಮರಣವನ್ನು ಹತ್ತಿರದಿಂದ ಕಂಡರು.

ಹಾಗಾದರೆ ಕೊರತೆ ನಿಜವೇ? ಕೆಲವರಿಗೆ ನಿಜ. ಆದರೆ ಅದು ತುಂಬಿಕೊಳ್ಳಬಹುದಾದ ಕೊರತೆ. ಹಿರಿಯ ವೈದ್ಯರ ಕೈಕೆಳಗೆ ಇನ್ನಷ್ಟು ಕಾಲ ದುಡಿಯುವುದೇ ಅದಕ್ಕೆ ದಾರಿ. ‘ಇದು ನನಗೆ ಬಾರದು, ಕಲಿಸಿಕೊಡಿ’ ಎನ್ನಲು ಸಂಕೋಚಪಟ್ಟರೆ ಅದರ ಬೆಲೆಯನ್ನು ತೆರುವವನು ರೋಗಿ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ‘ಪಿ.ಜಿ. ಯಾವಾಗ? ಮದುವೆ ಯಾವಾಗ?’ ಎಂದು ಪದೇ ಪದೇ ಕೇಳುವ ಮುನ್ನ, ಆ ದಿನಗಳಲ್ಲಿ ವಾರ್ಡಿನಲ್ಲಿ ಏನು ಕಂಡೆ ಎಂದು ಒಮ್ಮೆ ಕೇಳಿರಿ. ಮಕ್ಕಳು ಹೇಳಲು ಆರಂಭಿಸಿದರೆ ನಡುವೆ ಮಾತನಾಡದೆ ಆಲಿಸಿರಿ. ಅವರಿಗೆ ತಡವಾಗಿರಬಹುದು, ಆದರೆ ಅವರು ಹಿಂದೆ ಬಿದ್ದವರಲ್ಲ.