ಪಾದದ ನೋವು ಮತ್ತು ಅಳತೆಯ ಇನ್‌ಸೋಲ್: ಭಕ್ತರ ಗಮನಕ್ಕೆ

ಕಾಲಿನ ಅಳತೆಗೆ ಮಾಡಿಸುವ ಇನ್‌ಸೋಲ್ ಕಡಿಮೆ ವೆಚ್ಚದಲ್ಲಿ ಎಲ್ಲಿ ದೊರೆಯುತ್ತದೆ ಎಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಭಕ್ತರು ನಮ್ಮನ್ನು ವಿಚಾರಿಸುತ್ತಿದ್ದಾರೆ. ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿ ನೋಯುವ ಬಹುತೇಕರಿಗೆ ಅಂಗಡಿಯ ಸಿದ್ಧ ಇನ್‌ಸೋಲ್ ಹಾಗೂ ಮೀನಖಂಡದ ವ್ಯಾಯಾಮ ಸಾಕಾಗುತ್ತವೆ.

ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರ ಸಂಗತಿ ಬೇರೆ. ಒತ್ತಡ ಒಂದೆಡೆಯೇ ಬಿದ್ದು ಹುಣ್ಣಾದರೂ ಅವರಿಗೆ ನೋವು ತಿಳಿಯದು. ಅಲಕ್ಷಿಸಿದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾದೀತು. ಇಂಥವರಿಗೆ ಪಾದದ ಅಚ್ಚು ತೆಗೆದು, ಎಂ.ಸಿ.ಆರ್. ರಬ್ಬರ್ ಅಥವಾ ಇ.ವಿ.ಎ. ಹಾಳೆಯಿಂದ ರೂಪಿಸಿದ ಇನ್‌ಸೋಲ್ ಭಾರವನ್ನು ಪಾದದ ತುಂಬ ಹಂಚುತ್ತದೆ.

ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿರಿ. ಯಶವಂತಪುರದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಸಮೀಪ. ಆ ಚೀಟಿಯೊಂದಿಗೆ, 1994ರಲ್ಲಿ ಆರಂಭವಾದ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಸೇವಾಸಂಸ್ಥೆಯಲ್ಲಿ ವಿಚಾರಿಸಬಹುದು. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೊ ರೈಲು ಬದಲಿಸದೆಯೇ ಜಯನಗರ ತಲುಪಿಸುತ್ತದೆ. ಮುಂದೆ ಆಟೊ ಹಿಡಿಯಬಹುದು. ಅಳತೆ ಕೊಡುವ ಮುನ್ನವೇ ದರವನ್ನೂ ರಿಯಾಯಿತಿಯನ್ನೂ ಕೇಳಿ ತಿಳಿಯಿರಿ.

ಕೊನೆಯದಾಗಿ ಒಂದು ವಿನಂತಿ. ಸ್ಪರ್ಶ ಕುಂದಿದ ಪಾದಕ್ಕೆ ಕಾದ ಕಲ್ಲು ಸುಟ್ಟದ್ದೂ ಅರಿವಾಗದು. ಅಂಥವರು ಮಠದ ಅಂಗಳದಲ್ಲಿ ಬರಿಗಾಲಲ್ಲಿ ನಡೆಯದೆ, ಕಾಲುಚೀಲ ತೊಟ್ಟು ನೆರಳಿನ ದಾರಿಯಲ್ಲೇ ಬರಲಿ. ಅದರಿಂದ ಭಕ್ತಿಗೆ ಕೊರತೆಯಿಲ್ಲ.